ಟ್ಯಾಲಿಯಲ್ಲಿ ರೂಪಾಯಿ ಇದೆ, ಕೆ.ಜಿ. ಎಲ್ಲಿ?

ಪ್ರಶ್ನೆ: ಪೀಣ್ಯದಲ್ಲಿ ನಮ್ಮದು ಬೋಲ್ಟು, ಸ್ಟಡ್ಡು ಮಾಡುವ ಕಾರ್ಖಾನೆ. ಅರವತ್ತು ಜನ ಕೆಲಸ ಮಾಡುತ್ತಾರೆ. ಲೆಕ್ಕಪತ್ರ ಟ್ಯಾಲಿಯಲ್ಲಿದೆ, ಪ್ರೊಡಕ್ಷನ್ ಲೆಕ್ಕ ಎಕ್ಸೆಲ್‌ನಲ್ಲಿದೆ. ಮಾಲಿನ ಒಂದು ಭಾಗ ಜರ್ಮನಿಗೆ ಹೋಗುತ್ತದೆ. ಅಲ್ಲಿಯ ಗ್ರಾಹಕರು ‘ಒಂದು ಟನ್ ಬೋಲ್ಟಿಗೆ ಎಷ್ಟು ಕಾರ್ಬನ್’ ಎಂದು ಕೇಳಿ ಫಾರ್ಮ್ ಕಳಿಸಿದ್ದಾರೆ. ಇದೇ ಹೊತ್ತಿಗೆ ಇಆರ್‌ಪಿ (ಖರೀದಿ, ಸ್ಟೋರ್, ಪ್ರೊಡಕ್ಷನ್, ಲೆಕ್ಕಪತ್ರ ಎಲ್ಲವನ್ನೂ ಒಂದೇ ಕಡೆ ಜೋಡಿಸುವ ಸಾಫ್ಟ್‌ವೇರ್) ಮಾರುವವರೊಬ್ಬರು ಬಂದು, ‘ನಮ್ಮ ಸಾಫ್ಟ್‌ವೇರ್ ಹಾಕಿದರೆ ಕಾರ್ಬನ್ ಲೆಕ್ಕ ಸಿಗುತ್ತದೆ, ಕಾರ್ಬನ್ ಕಮ್ಮಿಯೂ ಆಗುತ್ತದೆ, ಆಫೀಸು ಪೇಪರ್‌ಲೆಸ್ ಆಗುತ್ತದೆ’ ಅಂದರು. ಇದರಲ್ಲಿ ಎಷ್ಟು ನಿಜ? ದುಡ್ಡು ಹಾಕಬಹುದಾ?

ಉತ್ತರ: ಪೇಪರ್‌ಲೆಸ್ ಮಾತನ್ನು ಮೊದಲು ಮುಗಿಸಿಬಿಡೋಣ, ಯಾಕೆಂದರೆ ಅದರಲ್ಲಿ ಹೆಚ್ಚೇನೂ ಇಲ್ಲ. ಎ4 ಹಾಳೆಯ ಒಂದು ರೀಮ್ ತೂಗುವುದು ಸುಮಾರು ಎರಡೂವರೆ ಕೆ.ಜಿ. ಅದನ್ನು ತಯಾರಿಸುವಾಗ ಹೊರಬೀಳುವ ಕಾರ್ಬನ್ ಡೈಆಕ್ಸೈಡ್ ಕೂಡ ಹೆಚ್ಚುಕಮ್ಮಿ ಅಷ್ಟೇ. ಒಂದು ಲೀಟರ್ ಡೀಸೆಲ್ ಸುಟ್ಟರೆ ಸುಮಾರು 2.7 ಕೆ.ಜಿ. ಬರುತ್ತದೆ. ಅಂದರೆ ನಿಮ್ಮ ಆಫೀಸಿನಲ್ಲಿ ತಿಂಗಳಿಗೆ ಹತ್ತು ರೀಮ್ ಉಳಿದರೂ, ಅದು ನಿಮ್ಮ ಡಿಜಿ ಸೆಟ್ಟು (ಡೀಸೆಲ್ ಜನರೇಟರ್) ಒಂದು ಗಂಟೆಯಲ್ಲಿ ಕುಡಿಯುವ ಡೀಸೆಲ್‌ಗೆ ಸಮ. ಪೇಪರ್ ಉಳಿಸಿ, ಬೇಡ ಅನ್ನುವುದಿಲ್ಲ. ಆದರೆ ಅದನ್ನು ಮುಂದಿಟ್ಟು ಸಾಫ್ಟ್‌ವೇರ್ ಮಾರುವವರು ನಿಮ್ಮ ಕಾರ್ಖಾನೆಯ ಒಳಗೆ ಒಂದು ಸುತ್ತು ಹಾಕಿಲ್ಲ ಅಂತಲೇ ಅರ್ಥ.

ಇನ್ನು ನಿಜವಾದ ಪ್ರಶ್ನೆ. ಸಾಫ್ಟ್‌ವೇರ್ ತಾನಾಗಿ ಒಂದು ಗ್ರಾಂ ಕಾರ್ಬನ್ನೂ ಕಮ್ಮಿ ಮಾಡುವುದಿಲ್ಲ. ಏನು ಕೊಳ್ಳಬೇಕು, ಎಷ್ಟು ಮಾಡಬೇಕು, ಯಾವಾಗ ಕಳಿಸಬೇಕು ಎಂಬ ನಿಮ್ಮ ತೀರ್ಮಾನ ಬದಲಾದರೆ ಮಾತ್ರ ಕಮ್ಮಿಯಾಗುತ್ತದೆ. ಆ ತೀರ್ಮಾನಕ್ಕೆ ಬೇಕಾದ ಮಾಹಿತಿಯಲ್ಲಿ ಮುಕ್ಕಾಲು ಪಾಲು ಈಗಲೇ ನಿಮ್ಮ ಟ್ಯಾಲಿ ಹತ್ತಿರ ಬಂದು ಹೋಗುತ್ತಿದೆ. ಬಂದು ಹೋಗುತ್ತಿದೆ ಅಂತ ಯಾಕೆ ಅಂದೆ ಅಂದರೆ, ಅದು ಅಲ್ಲಿ ಉಳಿಯುತ್ತಿಲ್ಲ. ಬಿಲ್ಲಿನಲ್ಲಿ ಲೀಟರ್ ಇರುತ್ತದೆ, ಯೂನಿಟ್ ಇರುತ್ತದೆ, ಕೆ.ಜಿ. ಇರುತ್ತದೆ. ಲೆಡ್ಜರ್‌ಗೆ ಏರುವುದು ರೂಪಾಯಿ ಮಾತ್ರ.

ನಿಮ್ಮ ಅಕೌಂಟೆಂಟ್ ಹತ್ತಿರ ಹೋಗಿ, ಹೋದ ವರ್ಷದ ‘ಡೀಸೆಲ್ ಖರ್ಚು’ ಲೆಡ್ಜರ್ ತೆಗೆಸಿ ನೋಡಿ. ತಾರೀಖು, ಬಂಕಿನ ಹೆಸರು, ಮೊತ್ತ. ಎಷ್ಟು ಲೀಟರ್ ಅಂತ ಕೇಳಿದರೆ ಬಿಲ್ ಫೈಲ್ ಹುಡುಕಬೇಕು. ಕರೆಂಟ್ ಬಿಲ್ಲೂ ಹಾಗೇ. ಬೆಸ್ಕಾಂ ಬಿಲ್ಲಿನಲ್ಲಿ ಯೂನಿಟ್, ಬಿಲ್ಲಿಂಗ್ ಡಿಮ್ಯಾಂಡ್, ಪವರ್ ಫ್ಯಾಕ್ಟರ್ ಎಲ್ಲ ಅಚ್ಚಾಗಿ ಬಂದಿರುತ್ತದೆ. ವೋಚರ್‌ನಲ್ಲಿ ಉಳಿಯುವುದು ‘ವಿದ್ಯುತ್ ಶುಲ್ಕ’ ಮತ್ತು ಒಂದು ಮೊತ್ತ.

ರೂಪಾಯಿ ಇದ್ದರೆ ಸಾಲದಾ? ರೂಪಾಯಿಯಿಂದ ಕಾರ್ಬನ್ ಲೆಕ್ಕ ಹಾಕುವ ದಾರಿ ಇದೆ. ಇಂಥ ಸರಕಿಗೆ ಇಷ್ಟು ಸಾವಿರ ಖರ್ಚು ಮಾಡಿದರೆ ಸರಾಸರಿ ಇಷ್ಟು ಕಾರ್ಬನ್ ಎಂಬ ಕೋಷ್ಟಕ ಇಟ್ಟುಕೊಂಡು ಗುಣಿಸುತ್ತಾರೆ. ಬಹಳಷ್ಟು ಸಾಫ್ಟ್‌ವೇರ್‌ಗಳು ಡೆಮೊದಲ್ಲಿ ತೋರಿಸುವುದು ಇದನ್ನೇ, ಯಾಕೆಂದರೆ ಇದು ಸುಲಭ. ಪರದೆಯ ಮೇಲೆ ಬಣ್ಣದ ಗ್ರಾಫೂ ಚೆನ್ನಾಗಿ ಬರುತ್ತದೆ. ಆದರೆ ಉಕ್ಕಿನ ಬೆಲೆ ಇಳಿದ ವರ್ಷ ನಿಮ್ಮ ಕಾರ್ಬನ್ನೂ ಇಳಿದಂತೆ ಕಾಣುತ್ತದೆ. ನೀವು ಸಪ್ಲೈಯರ್ ಜೊತೆ ಚೌಕಾಸಿ ಮಾಡಿ ಕೆ.ಜಿ.ಗೆ ಎರಡು ರೂಪಾಯಿ ಇಳಿಸಿದರೆ ಭೂಮಿ ತಣ್ಣಗಾಯಿತು ಅಂತ ಗ್ರಾಫ್ ಹೇಳುತ್ತದೆ! ಒಂದು ಅಂದಾಜಿಗೆ, ಎಲ್ಲಿ ಜಾಸ್ತಿ ಎಲ್ಲಿ ಕಮ್ಮಿ ಅಂತ ಮೊದಲ ಸಲ ನೋಡುವುದಕ್ಕೆ ಪರವಾಗಿಲ್ಲ. ಗ್ರಾಹಕರ ಫಾರ್ಮಿಗೆ ಆ ಸಂಖ್ಯೆ ಬರೆಯಬೇಡಿ.

ಹಾಗಾಗಿ ಮೊದಲ ಕೆಲಸಕ್ಕೆ ಹೊಸ ಸಾಫ್ಟ್‌ವೇರೇ ಬೇಡ. ಡೀಸೆಲ್, ಎಲ್‌ಪಿಜಿ, ಕರೆಂಟ್ ಮೂರಕ್ಕೂ ಟ್ಯಾಲಿಯಲ್ಲಿ ಸ್ಟಾಕ್ ಐಟಂ ಮಾಡಿಸಿ. ಅಳತೆ ಲೀಟರ್, ಕೆ.ಜಿ., ಯೂನಿಟ್ ಅಂತ ಕೊಡಿ. ಬಿಲ್ ಎಂಟ್ರಿ ಮಾಡುವಾಗ ಪ್ರಮಾಣ ಬರೆಯದೆ ಮುಂದೆ ಹೋಗುವ ಹಾಗಿಲ್ಲ ಅಂತ ಹೇಳಿ. ಒಂದೇ ಎಚ್ಚರಿಕೆ: ತಿಂಗಳ ಕೊನೆಗೆ ಬಳಕೆಯನ್ನು ಸ್ಟಾಕ್ ಜರ್ನಲ್‌ನಲ್ಲಿ ಇಳಿಸಬೇಕು. ಮರೆತರೆ ನಲವತ್ತೈದು ಸಾವಿರ ಯೂನಿಟ್ ಕರೆಂಟು ಗೋಡೌನ್‌ನಲ್ಲಿ ಕೂತಿದೆ ಅಂತ ಬ್ಯಾಲೆನ್ಸ್ ಶೀಟ್ ಹೇಳುತ್ತದೆ, ಆಡಿಟರ್ ನಿಮ್ಮ ಮುಖ ನೋಡುತ್ತಾರೆ. ಹಾಗೆಯೇ ಐಟಂ ಮಾಸ್ಟರ್‌ನಲ್ಲಿ ಪ್ರತಿ ಬೋಲ್ಟಿನ ತೂಕ ಇರಲಿ. ನೀವು ಮಾರುವುದು ಸಂಖ್ಯೆಯ ಲೆಕ್ಕದಲ್ಲಿ. ಗ್ರಾಹಕರು ಕೇಳುತ್ತಿರುವುದು ಟನ್ ಲೆಕ್ಕದಲ್ಲಿ. ತೂಕ ಇಲ್ಲದಿದ್ದರೆ ಎರಡೂ ಎಲ್ಲೂ ಸೇರುವುದಿಲ್ಲ.

ಇಷ್ಟಾದರೆ ಲೆಕ್ಕ ಹೇಗೆ ಬರುತ್ತದೆ ಅಂತ ಒಂದು ಕಲ್ಪಿತ ಉದಾಹರಣೆ ಕೊಡುತ್ತೇನೆ. ನಿಮ್ಮ ಸಂಖ್ಯೆಗಳನ್ನು ಅದರಲ್ಲಿ ಹಾಕಿಕೊಳ್ಳಿ. ತಿಂಗಳಿಗೆ 40 ಟನ್ ವೈರ್ ರಾಡ್ (ಬೋಲ್ಟ್ ಮಾಡುವ ದಪ್ಪ ಉಕ್ಕಿನ ತಂತಿ, ಕಾಯಿಲ್ ಅಂದರೆ ಸುರುಳಿಯಾಗಿ ಬರುವುದು) ಕೊಳ್ಳುತ್ತೀರಿ, 36 ಟನ್ ಒಳ್ಳೆಯ ಬೋಲ್ಟ್ ಹೊರಗೆ ಹೋಗುತ್ತದೆ. ಕರೆಂಟು 45,000 ಯೂನಿಟ್. ಹೀಟ್ ಟ್ರೀಟ್‌ಮೆಂಟ್ ಫರ್ನೇಸಿಗೆ 1,000 ಕೆ.ಜಿ. ಎಲ್‌ಪಿಜಿ. ಡಿಜಿ ಸೆಟ್ಟಿಗೆ 600 ಲೀಟರ್ ಡೀಸೆಲ್.

ಭಾರತದಲ್ಲಿ ಒಂದು ಟನ್ ಉಕ್ಕು ತಯಾರಾಗುವಾಗ ಸರಾಸರಿ ಸುಮಾರು 2.5 ಟನ್ ಕಾರ್ಬನ್ ಡೈಆಕ್ಸೈಡ್ ಹೊರಬೀಳುತ್ತದೆ. 40 ಟನ್ನಿಗೆ 100 ಟನ್ ಆಯಿತು. ಗ್ರಿಡ್ಡಿನ ಕರೆಂಟಿಗೆ ಯೂನಿಟ್‌ಗೆ ಸುಮಾರು 0.7 ಕೆ.ಜಿ. ಹಿಡಿಯಿರಿ. ಕೇಂದ್ರ ವಿದ್ಯುತ್ ಪ್ರಾಧಿಕಾರ ಇದರ ಸಂಖ್ಯೆಯನ್ನು ಪ್ರಕಟಿಸುತ್ತಿರುತ್ತದೆ, ಫಾರ್ಮಿಗೆ ಹಾಕುವಾಗ ಆಯಾ ವರ್ಷದ್ದನ್ನೇ ಬಳಸಿ. 45,000 ಯೂನಿಟ್‌ಗೆ 31.5 ಟನ್. ಎಲ್‌ಪಿಜಿ ಕೆ.ಜಿ.ಗೆ ಮೂರು ಕೆ.ಜಿ. ಲೆಕ್ಕದಲ್ಲಿ 3 ಟನ್. ಡೀಸೆಲ್ 1.6 ಟನ್. ಒಟ್ಟು 136 ಟನ್. 36 ಟನ್ ಬೋಲ್ಟಿಗೆ ಹಂಚಿದರೆ ಟನ್ನಿಗೆ ಸುಮಾರು 3.8.

ಈಗ ಆ ಸಾಲನ್ನು ಇನ್ನೊಮ್ಮೆ ನೋಡಿ. ಮುಕ್ಕಾಲು ಪಾಲು ಕಾರ್ಬನ್ನು ನಿಮ್ಮ ಗೇಟಿನ ಒಳಗೆ ಹುಟ್ಟಿದ್ದೇ ಅಲ್ಲ. ಅದು ಲಾರಿಯಲ್ಲಿ ಕಾಯಿಲ್ ಜೊತೆ ಬಂದಿದ್ದು. ಇಂಧನ ಸುಟ್ಟಿದ್ದನ್ನು ಸ್ಕೋಪ್ 1, ಕೊಂಡ ಕರೆಂಟನ್ನು ಸ್ಕೋಪ್ 2, ಉಳಿದಿದ್ದನ್ನು ಸ್ಕೋಪ್ 3 ಅಂತ ಜಿಎಚ್‌ಜಿ ಪ್ರೋಟೊಕಾಲ್ (ಕಂಪನಿಗಳ ಕಾರ್ಬನ್ ಲೆಕ್ಕಕ್ಕೆ ಜಗತ್ತಿನಲ್ಲೆಲ್ಲ ಬಳಸುವ ಪದ್ಧತಿ) 2001ರಿಂದ ವಿಂಗಡಿಸಿಕೊಂಡು ಬಂದಿದೆ. ನಿಮ್ಮಂಥ ಕಾರ್ಖಾನೆಗೆ ಸ್ಕೋಪ್ 3ರ ಒಂದೇ ಒಂದು ಸಾಲು, ‘ಕೊಂಡ ಉಕ್ಕು’, ಉಳಿದೆಲ್ಲವನ್ನೂ ನುಂಗಿಬಿಡುತ್ತದೆ. ಹಾಗಾಗಿ ಸಾಫ್ಟ್‌ವೇರ್‌ನಲ್ಲಿ ಅತಿ ಹೆಚ್ಚು ಕಾರ್ಬನ್ ಇಳಿಸುವ ಶಕ್ತಿ ಇರುವುದು ಪರ್ಚೇಸ್ ಮಾಡ್ಯೂಲ್‌ಗೆ, ಅಂದರೆ ಖರೀದಿ ನೋಡಿಕೊಳ್ಳುವ ಭಾಗಕ್ಕೆ. ವಿಚಿತ್ರ ಅನಿಸಬಹುದು, ಆದರೆ ಲೆಕ್ಕ ಹಾಗೇ ಇದೆ.

ಉಕ್ಕು ಅಂದರೆ ಎಲ್ಲ ಒಂದೇ ಅಲ್ಲ. ಕಬ್ಬಿಣದ ಅದಿರನ್ನು ಕೋಕಿಂಗ್ ಕಲ್ಲಿದ್ದಲಿನ ಜೊತೆ ಬ್ಲಾಸ್ಟ್ ಫರ್ನೇಸ್‌ನಲ್ಲಿ ಕರಗಿಸಿದ್ದು ಒಂದು ಬಗೆ. ಕಲ್ಲಿದ್ದಲಲ್ಲಿ ಮಾಡಿದ ಸ್ಪಾಂಜ್ ಐರನ್ ಹಾಕಿ ಇಂಡಕ್ಷನ್ ಫರ್ನೇಸ್‌ನಲ್ಲಿ ಕರಗಿಸಿದ್ದು ಇನ್ನೊಂದು. ಗುಜರಿಯನ್ನೇ ಎಲೆಕ್ಟ್ರಿಕ್ ಫರ್ನೇಸ್‌ನಲ್ಲಿ ಕರಗಿಸಿದ್ದು ಮತ್ತೊಂದು. ಕೊನೆಯದರ ಕಾರ್ಬನ್ ಉಳಿದ ಎರಡಕ್ಕಿಂತ ಬಹಳ ಕಮ್ಮಿ. 2024ರ ಡಿಸೆಂಬರ್‌ನಲ್ಲಿ ಕೇಂದ್ರ ಉಕ್ಕು ಸಚಿವಾಲಯ ಹಸಿರು ಉಕ್ಕಿಗೆ ಸ್ಟಾರ್ ಕೊಡುವ ಪದ್ಧತಿ ಪ್ರಕಟಿಸಿತು. ಟನ್ನಿಗೆ 2.2 ಟನ್‌ಗಿಂತ ಕಮ್ಮಿ ಇದ್ದರೆ ಹಸಿರು ಎಂಬ ಹೆಸರು. 1.6ಕ್ಕಿಂತ ಕಮ್ಮಿ ಇದ್ದರೆ ಐದು ಸ್ಟಾರ್. ಮೇಲಿನ ಉದಾಹರಣೆಯಲ್ಲಿ ಅದೇ 40 ಟನ್ ವೈರ್ ರಾಡನ್ನು 1.6ರ ಉಕ್ಕಿನಿಂದ ತಂದರೆ 36 ಟನ್ ಕಾರ್ಬನ್ ಇಳಿಯಿತು. ನಿಮ್ಮ ಇಡೀ ಕಾರ್ಖಾನೆಯ ಕರೆಂಟು ಸೇರಿ 31.5 ಟನ್ ಇತ್ತು, ಅಲ್ವಾ? ಮೇನ್ ಸ್ವಿಚ್ ಆರಿಸಿ ಮನೆಗೆ ಹೋದರೂ ಸಿಗದ ಉಳಿತಾಯ ಒಂದು ಪರ್ಚೇಸ್ ಆರ್ಡರಿನಲ್ಲಿ ಸಿಗುತ್ತದೆ.

ಆದರೆ ಇದು ಬಾಯಲ್ಲಿ ಹೇಳಿದಷ್ಟು ಸಲೀಸಲ್ಲ. ನಿಮಗೆ ಬೇಕಾದ ಗ್ರೇಡು ಆ ದಾರಿಯಲ್ಲಿ ಸಿಗಬೇಕು. 10.9ರಂಥ ಹೆಚ್ಚು ಬಲದ ದರ್ಜೆಯ ಬೋಲ್ಟಿಗೆ ವೈರ್ ರಾಡ್ ಮಿಲ್ ಬದಲಾಯಿಸುವಾಗ ಗ್ರಾಹಕರ ಒಪ್ಪಿಗೆ, ಹೊಸ ಸ್ಯಾಂಪಲ್ಲು, ಟೆಸ್ಟು ಎಲ್ಲ ಬೇಕು. ಗುಜರಿಯಲ್ಲಿ ತಾಮ್ರದ ಅಂಶ ಸೇರಿಕೊಂಡು ಬಂದರೆ ಉಕ್ಕಿನ ಮೇಲ್ಮೈಯಲ್ಲಿ ಬಿರುಕು ಬಿಡುವ ಭಯವೂ ಇದೆ. ಹಾಗಾಗಿ ಪೂರ್ತಿ ಬದಲಾಯಿಸಿ ಅನ್ನುತ್ತಿಲ್ಲ. ಕೊಟೇಶನ್ ಹೋಲಿಸುವ ಪಟ್ಟಿಯಲ್ಲಿ ದರ, ಡೆಲಿವರಿ ದಿನ, ಕ್ರೆಡಿಟ್ ಅವಧಿ ಅಂತ ಕಾಲಂ ಇರುತ್ತದಲ್ಲ, ಅದರ ಪಕ್ಕದಲ್ಲಿ ‘ಟನ್ನಿಗೆ ಕಾರ್ಬನ್’ ಅಂತ ಇನ್ನೊಂದು ಕಾಲಂ ಹಾಕಿ. ಪರ್ಚೇಸ್ ನೋಡಿಕೊಳ್ಳುವವರ ಕಣ್ಣಿಗೆ ಅದು ದಿನಾ ಬೀಳಬೇಕು. ವರ್ಷಕ್ಕೊಮ್ಮೆ ರಿಪೋರ್ಟಿನಲ್ಲಿ ಬಂದರೆ ಏನೂ ಬದಲಾಗುವುದಿಲ್ಲ.

ಇಲ್ಲೇ ಇನ್ನೊಂದು ಸಣ್ಣ, ಆದರೆ ನಿಮ್ಮ ಜರ್ಮನಿ ಫಾರ್ಮಿಗೆ ಬಹಳ ಮುಖ್ಯವಾದ ವಿಷಯ: ಹೀಟ್ ನಂಬರ್. ಕಾಯಿಲ್ ಜೊತೆ ಮಿಲ್ಲಿನ ಟೆಸ್ಟ್ ಸರ್ಟಿಫಿಕೇಟ್ ಬರುತ್ತದೆ. ಅದರಲ್ಲಿ ಹೀಟ್ ನಂಬರ್, ಅಂದರೆ ಮಿಲ್ಲಿನಲ್ಲಿ ಒಂದು ಸಲ ಕರಗಿಸಿದ ಉಕ್ಕಿಗೆ ಕೊಟ್ಟ ಗುರುತಿನ ಸಂಖ್ಯೆ ಇರುತ್ತದೆ. ಸ್ಟೋರಿನವರು ಅದನ್ನು ಫೈಲಿಗೆ ಹಾಕುತ್ತಾರೆ, ಕಾಯಿಲ್‌ಗೆ ಕಟ್ಟಿದ ತಗಡಿನ ಟ್ಯಾಗು ಕಟಿಂಗ್ ಹತ್ತಿರ ಬಿದ್ದುಹೋಗುತ್ತದೆ. ಆಮೇಲೆ ಯಾವ ಬೋಲ್ಟು ಯಾವ ಮಿಲ್ಲಿನ ಉಕ್ಕಿನಿಂದ ಬಂತು ಅಂತ ಯಾರಿಗೂ ಗೊತ್ತಿಲ್ಲ. ಟ್ಯಾಲಿಯಲ್ಲೂ ಬ್ಯಾಚ್ ಅಂತ ಒಂದು ಸೌಲಭ್ಯ ಇದೆ, ಇಆರ್‌ಪಿಯಲ್ಲಿ ಇದ್ದೇ ಇರುತ್ತದೆ. ಸರಕು ಇಳಿಸಿಕೊಳ್ಳುವಾಗಲೇ ಹೀಟ್ ನಂಬರನ್ನು ಬ್ಯಾಚ್ ನಂಬರಾಗಿ ಹಾಕಿ. ಅದು ಜಾಬ್ ಕಾರ್ಡಿಗೆ, ಅಲ್ಲಿಂದ ಪ್ಯಾಕಿಂಗ್ ಸ್ಲಿಪ್ಪಿಗೆ, ಅಲ್ಲಿಂದ ಇನ್‌ವಾಯ್ಸಿಗೆ ಹರಿದುಹೋಗಬೇಕು.

ಇದು ಯಾಕೆ ಬೇಕು ಅಂದರೆ ಯುರೋಪಿನ ಗಡಿ ತೆರಿಗೆಗೆ. ಅದರ ಹೆಸರು ಸಿಬಿಎಎಂ, ಹೊರಗಿನಿಂದ ಬರುವ ಸರಕಿನ ಹಿಂದಿರುವ ಕಾರ್ಬನ್ನಿಗೆ ತಕ್ಕ ಹಾಗೆ ಹಾಕುವ ಶುಲ್ಕ. 2023ರ ಅಕ್ಟೋಬರ್‌ನಿಂದ 2025ರ ಕೊನೆವರೆಗೆ ಬರೀ ಲೆಕ್ಕ ಕೊಡುವ ಅವಧಿ ಇತ್ತು. 2026ರ ಜನವರಿ 1ರಿಂದ ಪೂರ್ತಿ ಜಾರಿಯಾಗಿದೆ. ಉಕ್ಕಿನ ಬೋಲ್ಟು, ನಟ್ಟು, ಸ್ಕ್ರೂ ಆ ಪಟ್ಟಿಯಲ್ಲಿವೆ. ಹಣ ಕಟ್ಟುವುದು ನೀವಲ್ಲ, ಆಮದು ಮಾಡಿಕೊಳ್ಳುವವರು. ಅದಕ್ಕೇ ಅವರು ನಿಮಗೆ ಫಾರ್ಮ್ ಕಳಿಸಿದ್ದಾರೆ. 2025ರಲ್ಲಿ ಒಂದು ಸಡಿಲಿಕೆ ಬಂತು: ಒಬ್ಬ ಆಮದುದಾರ ಇಂಥ ಸರಕುಗಳನ್ನೆಲ್ಲ ಸೇರಿಸಿ ವರ್ಷಕ್ಕೆ 50 ಟನ್‌ವರೆಗೆ ಮಾತ್ರ ತರಿಸುತ್ತಿದ್ದರೆ ಅವರಿಗೆ ಈ ತಲೆನೋವಿಲ್ಲ. ಇದರಲ್ಲಿ ನಿಮ್ಮ ಒಬ್ಬರ ಮಾಲು ಮಾತ್ರ ಅಲ್ಲ, ಅವರು ಎಲ್ಲ ಕಡೆಯಿಂದ ತರಿಸುವುದೂ ಸೇರುತ್ತದೆ. ಹಾಗಾಗಿ ‘ನಾವು ಕಳಿಸೋದೇ ಮೂವತ್ತು ಟನ್ನು’ ಅಂತ ಸುಮ್ನೆ ಕೂರಬೇಡಿ.

ಸಿಬಿಎಎಂನಲ್ಲಿ ಒಂದು ವಿಶೇಷ ಇದೆ. ಉಕ್ಕಿನ ಸರಕಿಗೆ ಅವರು ಹಣ ಹಾಕುವುದು ನೇರವಾಗಿ ಸುಟ್ಟ ಇಂಧನದಿಂದ ಮತ್ತು ತಯಾರಿಕೆಯ ಪ್ರಕ್ರಿಯೆಯಿಂದ ಬಂದ ಕಾರ್ಬನ್ನಿಗೆ. ಬೋಲ್ಟ್ ಮಾಡಲು ಬಳಸಿದ ಉಕ್ಕಿನ ಕಾರ್ಬನ್ನೂ ಅದರಲ್ಲಿ ಸೇರುತ್ತದೆ. ನಿಮ್ಮ ಕರೆಂಟಿನದ್ದು ಆ ಹಣದ ಲೆಕ್ಕಕ್ಕೆ ಬರುವುದಿಲ್ಲ. ಅಂದರೆ ಅಲ್ಲೂ ಎಲ್ಲ ನಿಂತಿರುವುದು ಮಿಲ್ಲಿನವರ ಸಂಖ್ಯೆಯ ಮೇಲೆ. ಅದು ಸಿಗದಿದ್ದರೆ ಯುರೋಪಿನವರು ತಮ್ಮದೇ ಡಿಫಾಲ್ಟ್ ಸಂಖ್ಯೆಯನ್ನು, ಅದರ ಮೇಲೆ ಇನ್ನಷ್ಟು ಸೇರಿಸಿ ಹಾಕುತ್ತಾರೆ. ನೀವು ಗುಜರಿ ದಾರಿಯ ಒಳ್ಳೆಯ ಉಕ್ಕು ತಂದಿದ್ದರೂ, ಯಾವ ಹೀಟಿನಿಂದ ಯಾವ ಲಾಟು ಅಂತ ತೋರಿಸಲಾಗದಿದ್ದರೆ ಅದರ ಲಾಭ ನಿಮಗೆ ಸಿಗುವುದಿಲ್ಲ. ಬ್ಯಾಚ್ ಕಾಲಂ ಖಾಲಿ ಬಿಟ್ಟಿದ್ದಕ್ಕೆ ಆರ್ಡರ್ ಕೈಬಿಡುವ ಕಾಲ ಇದು.

ನಮ್ಮಲ್ಲೂ ಲೆಕ್ಕ ಕೇಳುವವರು ಇದ್ದಾರೆ. ಷೇರುಪೇಟೆಯ ಮೊದಲ ಸಾವಿರ ಕಂಪನಿಗಳು 2022-23ರಿಂದ ಬಿಆರ್‌ಎಸ್‌ಆರ್ ಎಂಬ ಪರಿಸರ, ಸಾಮಾಜಿಕ ಹೊಣೆಯ ವರದಿ ಕೊಡಲೇಬೇಕು ಎಂದು ಸೆಬಿ ನಿಯಮ ಮಾಡಿದೆ. ಅವರಲ್ಲಿ ಯಾರಿಗಾದರೂ ನೀವು ಬೋಲ್ಟ್ ಕೊಡುತ್ತಿದ್ದರೆ ಇಂದಲ್ಲ ನಾಳೆ ಅವರೂ ಕೇಳುತ್ತಾರೆ.

ಉಕ್ಕಿನ ವಿಷಯದಲ್ಲಿ ನಿಮ್ಮ ಕೈಯಲ್ಲೇ ಇರುವ ಇನ್ನೊಂದು ದಾರಿ ಅಂದರೆ ಹಾಳು ಮಾಡದಿರುವುದು. 40 ಟನ್ ತಂದು 36 ಟನ್ ಮಾರಿದರೆ ನಾಲ್ಕು ಟನ್ ಎಲ್ಲಿ ಹೋಯಿತು? ಗುಜರಿಗೆ ಹೋಯಿತು, ದುಡ್ಡು ಬಂತು ಅನ್ನಬಹುದು. ಆದರೆ ಆ ನಾಲ್ಕು ಟನ್ನಿನ ಹಿಂದೆ ಹತ್ತು ಟನ್ ಕಾರ್ಬನ್ ಇತ್ತು, ಅದನ್ನು ಹೊತ್ತಿರುವುದು ಉಳಿದ ಬೋಲ್ಟು. ಇಲ್ಲಿ ಇಆರ್‌ಪಿ ನಿಜವಾಗಿ ಕೆಲಸಕ್ಕೆ ಬರುತ್ತದೆ. ರಿಜೆಕ್ಷನ್ ಎಷ್ಟು ಅನ್ನುವುದಕ್ಕಿಂತ ಯಾವ ಹಂತದಲ್ಲಿ ಆಯಿತು, ಯಾವ ಕಾರಣಕ್ಕೆ ಆಯಿತು ಎನ್ನುವುದು ಮುಖ್ಯ. ಹೆಡಿಂಗ್ ಮಷೀನಿನಲ್ಲೇ ಸಿಕ್ಕ ದೋಷಕ್ಕೆ ಉಕ್ಕು ಮಾತ್ರ ಹೋಯಿತು. ಅದೇ ದೋಷ ಥ್ರೆಡ್ ರೋಲಿಂಗ್, ಹೀಟ್ ಟ್ರೀಟ್‌ಮೆಂಟು, ಪ್ಲೇಟಿಂಗು ಎಲ್ಲ ದಾಟಿ ಕೊನೆಯ ಇನ್‌ಸ್ಪೆಕ್ಷನ್‌ನಲ್ಲಿ ಸಿಕ್ಕರೆ ಅಷ್ಟೂ ಕರೆಂಟು, ಗ್ಯಾಸು, ಪ್ಲೇಟಿಂಗ್‌ನವರ ಕೂಲಿ ಎಲ್ಲ ಅದರ ಜೊತೆ ಹೋಯಿತು. ಪ್ರತಿ ರಿಜೆಕ್ಷನ್ನಿಗೂ ಕಾರಣದ ಕೋಡ್ ಕೊಟ್ಟು ಮೂರು ತಿಂಗಳು ಎಂಟ್ರಿ ಮಾಡಿಸಿ. ಸಾಮಾನ್ಯವಾಗಿ ಎರಡು ಮೂರು ಕಾರಣಗಳೇ ಅರ್ಧಕ್ಕಿಂತ ಜಾಸ್ತಿ ನಷ್ಟ ಮಾಡುತ್ತಿರುತ್ತವೆ. ಎಕ್ಸೆಲ್‌ನಲ್ಲಿ ‘ರಿಜೆಕ್ಷನ್ - 310’ ಅಂತ ಬರೆದಿಟ್ಟರೆ ಇದು ಯಾವತ್ತೂ ಕಾಣುವುದಿಲ್ಲ.

ಹಾಗೇ ‘ಇರಲಿ’ ಮಾಲು. ಹತ್ತು ಸಾವಿರದ ಆರ್ಡರಿಗೆ ಹನ್ನೆರಡು ಸಾವಿರ ಮಾಡುವುದು. ಡೈ ಸೆಟ್ಟಿಂಗ್ ಆಗಿದೆ, ಇನ್ನೆರಡು ಸಾವಿರ ಬಿಟ್ಟುಬಿಡೋಣ, ಮುಂದಿನ ಸಲ ಆಗುತ್ತದೆ ಅಂತ. ಮುಂದಿನ ಸಲ ಡ್ರಾಯಿಂಗ್ ಬದಲಾಗಿರುತ್ತದೆ. ಟ್ಯಾಲಿಯಲ್ಲೇ ಸ್ಟಾಕ್ ಏಜಿಂಗ್ ರಿಪೋರ್ಟ್ ತೆಗೆದು ಒಂದು ವರ್ಷದಿಂದ ಅಲುಗಾಡದ ಮಾಲು ಎಷ್ಟು ಟನ್ ಇದೆ ನೋಡಿ. ನಾನು ಕಾರ್ಖಾನೆಗೆ ಹೋದರೆ ಕೇಳುವ ಮೊದಲ ರಿಪೋರ್ಟು ಇದೇ, ಮಾಲೀಕರು ತೋರಿಸಲು ಹಿಂಜರಿಯುವ ರಿಪೋರ್ಟೂ ಇದೇ.

ಈಗ ಕರೆಂಟು. ಇಲ್ಲಿ ಸಾಫ್ಟ್‌ವೇರ್ ಮಾಡಬೇಕಾದ ಕೆಲಸ ಒಂದೇ: ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಡುವುದು. ಆ ತಿಂಗಳ ಯೂನಿಟ್ ಮತ್ತು ಆ ತಿಂಗಳು ತಯಾರಾದ ಟನ್. ಬಿಲ್ಲು ಅಕೌಂಟ್ಸ್‌ನಲ್ಲಿ ಇರುತ್ತದೆ, ಟನ್ ಪ್ರೊಡಕ್ಷನ್‌ನವರ ಹತ್ತಿರ ಇರುತ್ತದೆ, ಇಬ್ಬರೂ ಊಟದ ಹೊತ್ತಲ್ಲಿ ಮಾತ್ರ ಸಿಗುತ್ತಾರೆ. ಎರಡನ್ನೂ ಜೋಡಿಸಿದರೆ ಏನು ಸಿಗುತ್ತದೆ ನೋಡಿ. ಮತ್ತೆ ಕಲ್ಪಿತ ಸಂಖ್ಯೆಯೇ. 40 ಟನ್ ಮಾಡಿದ ತಿಂಗಳು 45,000 ಯೂನಿಟ್. ಆರ್ಡರ್ ಕಮ್ಮಿಯಾಗಿ 20 ಟನ್ ಮಾಡಿದ ತಿಂಗಳು 34,000 ಯೂನಿಟ್. 20 ಟನ್ ಕಮ್ಮಿ ಮಾಡಿದಾಗ ಇಳಿದಿದ್ದು 11,000 ಯೂನಿಟ್ ಮಾತ್ರ. ಅಂದರೆ ಒಂದು ಟನ್ನಿಗೆ ನಿಜವಾಗಿ ಬೇಕಾಗಿದ್ದು 550 ಯೂನಿಟ್. ಹಾಗಾದರೆ 40 ಟನ್ನಿಗೆ 22,000. ಉಳಿದ 23,000 ಯೂನಿಟ್? ಅದು ಬೋಲ್ಟ್ ಮಾಡಿದರೂ ಮಾಡದಿದ್ದರೂ ಹೋಗುವ ಕರೆಂಟು. ಅರ್ಧಕ್ಕಿಂತ ಜಾಸ್ತಿ!

ಅದು ಎಲ್ಲಿಗೆ ಹೋಗುತ್ತದೆ? ಫರ್ನೇಸನ್ನು ಬಿಸಿಯಾಗಿ ಇಟ್ಟಿರುವುದು, ಖಾಲಿ ಓಡುವ ಮಷೀನು, ಕೂಲಿಂಗ್ ಟವರಿನ ಪಂಪು, ಎಲ್ಲಕ್ಕಿಂತ ಮಿಗಿಲಾಗಿ ಏರ್ ಕಂಪ್ರೆಸರ್. ಗಾಳಿ ಪುಕ್ಕಟೆ ಅಂದುಕೊಳ್ಳುತ್ತೇವೆ. ಕಾರ್ಖಾನೆಯಲ್ಲಿ ಅತಿ ದುಬಾರಿ ಶಕ್ತಿ ಅಂದರೆ ಒತ್ತಿದ ಗಾಳಿಯೇ. ಸರಿಯಾಗಿ ನೋಡಿಕೊಳ್ಳದ ಲೈನಿನಲ್ಲಿ 20ರಿಂದ 30 ಶೇಕಡಾ ಗಾಳಿ ಸೋರಿ ಹೋಗುವುದು ಮಾಮೂಲು. ಏಳು ಬಾರ್ ಒತ್ತಡದಲ್ಲಿ ಮೂರು ಮಿಲಿಮೀಟರಿನ ಒಂದು ತೂತು ಇದ್ದರೆ ಸುಮಾರು ಮೂರು ಕಿಲೋವ್ಯಾಟ್ ಹೋಗುತ್ತಿರುತ್ತದೆ. ಹಗಲೂ ರಾತ್ರಿ ಲೆಕ್ಕ ಹಾಕಿದರೆ ತಿಂಗಳಿಗೆ ಎರಡು ಸಾವಿರ ಯೂನಿಟ್ ದಾಟುತ್ತದೆ, ಒಂದೂವರೆ ಟನ್ ಕಾರ್ಬನ್. ಐನೂರಕ್ಕೂ ಜಾಸ್ತಿ ರೀಮ್ ಪೇಪರು ಒಂದು ತೂತಿನಲ್ಲಿ!

ಅಳೆಯುವುದು ಕಷ್ಟವಲ್ಲ. ಭಾನುವಾರ ಎಲ್ಲ ಮಷೀನು ನಿಲ್ಲಿಸಿ ಕಂಪ್ರೆಸರ್ ಮಾತ್ರ ಓಡಿಸಿ. ಎಷ್ಟು ಸೆಕೆಂಡ್ ಲೋಡ್ ಆಗುತ್ತದೆ (ಗಾಳಿ ಒತ್ತುತ್ತದೆ), ಎಷ್ಟು ಸೆಕೆಂಡ್ ಅನ್‌ಲೋಡ್‌ನಲ್ಲಿ ಇರುತ್ತದೆ (ಒತ್ತದೆ ಸುಮ್ಮನೆ ಓಡುತ್ತದೆ) ಬರೆದುಕೊಳ್ಳಿ. ಲೋಡ್ ಸಮಯವನ್ನು ಎರಡರ ಮೊತ್ತದಿಂದ ಭಾಗಿಸಿ. 30 ಸೆಕೆಂಡ್ ಲೋಡು, 90 ಸೆಕೆಂಡ್ ಅನ್‌ಲೋಡ್ ಅಂದರೆ ಕಾಲು ಭಾಗ ಗಾಳಿ ಸೋರಿಕೆ. ಯಾರೂ ಬಳಸದೆ ಇರುವಾಗ ಹೋದ ಗಾಳಿ ಅದು. ಒತ್ತಡವನ್ನೂ ನೋಡಿ. ಆರು ಬಾರ್ ಸಾಕಾಗುವಲ್ಲಿ ಏಳು ಇಟ್ಟಿದ್ದರೆ ಆ ಒಂದು ಬಾರ್ ಒತ್ತಡಕ್ಕೇ ಆರೇಳು ಶೇಕಡಾ ಕರೆಂಟು ಹೆಚ್ಚು.

ಸೋರಿಕೆ ಎಲ್ಲಿದೆ ಅಂತ ಸಾಫ್ಟ್‌ವೇರಿಗೆ ಗೊತ್ತಾಗುವುದಿಲ್ಲ, ಕಿವಿಗೆ ಗೊತ್ತಾಗುತ್ತದೆ. ಸಾಫ್ಟ್‌ವೇರ್ ಮಾಡಬಹುದಾದ್ದು ಅಂದರೆ ತಿಂಗಳಿಗೊಮ್ಮೆ ಮೇಂಟೆನೆನ್ಸ್‌ನವರಿಗೆ ವರ್ಕ್ ಆರ್ಡರ್ ಹೊರಡಿಸುವುದು, ಮಾಡದಿದ್ದರೆ ನಿಮ್ಮ ಫೋನಿಗೆ ತಿಳಿಸುವುದು. ಯಾಕೆಂದರೆ ಲೀಕ್ ಒಂದು ಸಲ ಮುಚ್ಚಿದರೆ ಮುಗಿಯುವುದಿಲ್ಲ, ಆರು ತಿಂಗಳಿಗೆ ಮತ್ತೆ ಅಷ್ಟೇ ಆಗಿರುತ್ತದೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬೇಕಾದರೆ ಫರ್ನೇಸು, ಕಂಪ್ರೆಸರು, ಹೆಡಿಂಗ್ ವಿಭಾಗಕ್ಕೆ ಬೇರೆ ಬೇರೆ ಎನರ್ಜಿ ಮೀಟರ್ ಹಾಕಿಸಿ ಅದರ ರೀಡಿಂಗ್ ನೇರ ಸಿಸ್ಟಮ್ಮಿಗೆ ಬರುವಂತೆ ಮಾಡಿ. ಇಆರ್‌ಪಿಗಿಂತ ಮೊದಲು ಈ ಮೀಟರುಗಳಿಗೆ ದುಡ್ಡು ಹಾಕಿ ಅನ್ನುವುದು ನನ್ನ ಅಭಿಪ್ರಾಯ. ಒಳಗೆ ಹಾಕುವ ಸಂಖ್ಯೆಯೇ ಇಲ್ಲದಿದ್ದರೆ ಸಾಫ್ಟ್‌ವೇರ್ ಏನು ಮಾಡಬೇಕು?

ಸೋಲಾರ್, ವಿಂಡ್ ಕರೆಂಟ್ ಕೊಳ್ಳುವ ಯೋಚನೆ ಇದ್ದರೆ 2022ರ ಗ್ರೀನ್ ಓಪನ್ ಆಕ್ಸೆಸ್ ನಿಯಮ (ಹಸಿರು ಕರೆಂಟನ್ನು ಗ್ರಿಡ್ ಮೂಲಕ ಬೇರೆಯವರಿಂದ ಕೊಳ್ಳುವ ಅವಕಾಶ) ನೋಡಿ. ಮೊದಲು ಒಂದು ಮೆಗಾವ್ಯಾಟ್ ಬೇಕಿತ್ತು, ಆ ಮಿತಿಯನ್ನು 100 ಕಿಲೋವ್ಯಾಟಿಗೆ ಇಳಿಸಿದ್ದಾರೆ. ನಿಮ್ಮ ಗಾತ್ರದ ಕಾರ್ಖಾನೆಗೆ ಇದು ಬಾಗಿಲು ತೆರೆದ ಹಾಗೆ. ಹಾಗೆ ಕೊಂಡರೆ ಆ ಯೂನಿಟ್‌ಗಳಿಗೆ ಬೇರೆ ಐಟಂ ಮಾಡಿಸಿ. ಬೆಸ್ಕಾಂ ಯೂನಿಟ್ ಜೊತೆ ಕಲಸಿದರೆ ಮತ್ತೆ ಬಿಡಿಸಲು ಆಗುವುದಿಲ್ಲ.

ಸಾಗಣೆಯ ಬಗ್ಗೆ ಮಾರುವವರು ಅಮೆರಿಕದ ಯುಪಿಎಸ್ ಕಥೆ ಹೇಳಿರಬಹುದು. ಓರಿಯನ್ ಎಂಬ ದಾರಿ ಹುಡುಕುವ ಸಾಫ್ಟ್‌ವೇರ್‌ನಿಂದ ವರ್ಷಕ್ಕೆ ಸುಮಾರು 10 ಕೋಟಿ ಮೈಲಿ ಓಡಾಟ ಮತ್ತು 1 ಕೋಟಿ ಗ್ಯಾಲನ್ ಇಂಧನ ಉಳಿಯುತ್ತದೆ ಎಂದು ಆ ಕಂಪನಿ ಹೇಳಿಕೊಂಡಿದೆ. ನಂಬಬಹುದಾದ ಮಾತೇ. ಆದರೆ ಅವರ ಗಾಡಿಗಳು ಸಾವಿರಗಟ್ಟಲೆ. ನಿಮ್ಮ ಎರಡು ಟೆಂಪೊಗೆ ದಾರಿ ಡ್ರೈವರಿಗೇ ಗೊತ್ತು.

ನಿಮ್ಮ ಸಾಗಣೆಯಲ್ಲಿ ಕಾರ್ಬನ್ ಇರುವ ಜಾಗ ಬೇರೆ: ವಿಮಾನ. ಜರ್ಮನಿಗೆ ಹಡಗಿನಲ್ಲಿ ಕಳಿಸಿದರೆ ಟನ್ನಿಗೆ ಕೆಲವು ನೂರು ಕೆ.ಜಿ. ಕಾರ್ಬನ್. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ವಿಮಾನದಲ್ಲಿ ಕಳಿಸಿದರೆ ಅದು ನಾಲ್ಕು ಟನ್ ದಾಟುತ್ತದೆ. ಅಂದರೆ ಆ ಬೋಲ್ಟನ್ನು ತಯಾರಿಸಲು ಆದಷ್ಟು ಕಾರ್ಬನ್, ಅದನ್ನು ತಲುಪಿಸಲು ಮತ್ತೊಂದು ಸಲ! ಯಾರೂ ಬೇಕೂಂತ ಬೋಲ್ಟನ್ನು ವಿಮಾನ ಹತ್ತಿಸುವುದಿಲ್ಲ. ವೈರ್ ರಾಡ್ ತಡವಾಗಿ ಬಂತು, ಪ್ಲೇಟಿಂಗಿನಿಂದ ವಾಪಸ್ ಬರುವುದು ಐದು ದಿನ ತಡವಾಯಿತು, ಒಂದು ಲಾಟ್ ರಿಜೆಕ್ಟ್ ಆಯಿತು, ಹಡಗು ತಪ್ಪಿತು, ಗ್ರಾಹಕರ ಲೈನ್ ನಿಲ್ಲುತ್ತದೆ ಅಂತ ಕೊನೆಗೆ ಏರ್ ಫ್ರೈಟ್. ಇಲ್ಲಿ ಇಆರ್‌ಪಿಯ ಪ್ಲಾನಿಂಗ್ ಭಾಗಕ್ಕೆ ನಿಜವಾದ ಬೆಲೆ ಇದೆ. ಹಡಗಿನ ತಾರೀಖಿನಿಂದ ಹಿಂದಕ್ಕೆ ಲೆಕ್ಕ ಹಾಕಿಕೊಂಡು ಯಾವತ್ತು ಪ್ಲೇಟಿಂಗಿಗೆ ಹೋಗಬೇಕು, ಯಾವತ್ತು ಕಾಯಿಲ್ ಇಳಿಯಬೇಕು ಅಂತ ಹೇಳುತ್ತದೆ. ಜಾಬ್ ವರ್ಕಿಗೆ ಹೋದ ಮಾಲು ಡೆಲಿವರಿ ಚಲನ್ ಮೇಲೆ ಎಷ್ಟು ದಿನದಿಂದ ಹೊರಗಿದೆ ಅಂತ ತೋರಿಸುತ್ತದೆ. ಹೋದ ವರ್ಷ ಎಷ್ಟು ಸಲ ಏರ್ ಫ್ರೈಟ್ ಆಯಿತು, ಪ್ರತಿ ಸಲ ಯಾಕೆ ಆಯಿತು ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಇಆರ್‌ಪಿಗೆ ದುಡ್ಡು ಹಾಕಬೇಕಾ ಬೇಡವಾ ಅನ್ನುವುದಕ್ಕೆ ಅರ್ಧ ಉತ್ತರ ಆ ಹಾಳೆಯಲ್ಲೇ ಇರುತ್ತದೆ, ಯಾಕೆಂದರೆ ಏರ್ ಫ್ರೈಟಿನ ಬಿಲ್ಲು ಎಷ್ಟು ಅಂತ ನಿಮಗೇ ಚೆನ್ನಾಗಿ ಗೊತ್ತು.

ಲಾರಿ ಸಾಗಣೆಯ ಲೆಕ್ಕಕ್ಕೆ ಒಂದು ಸುಲಭ ದಾರಿ ಇದೆ, ಬಹಳ ಜನ ಗಮನಿಸಿಲ್ಲ. ಐವತ್ತು ಸಾವಿರ ರೂಪಾಯಿ ಮೀರಿದ ಸರಕಿಗೆ ಇ-ವೇ ಬಿಲ್ ಮಾಡುತ್ತೀರಲ್ಲ, ಅದರಲ್ಲಿ ಎಲ್ಲಿಂದ ಎಲ್ಲಿಗೆ, ಎಷ್ಟು ಕಿಲೋಮೀಟರು, ಯಾವ ಗಾಡಿ ಎಲ್ಲ ಇರುತ್ತದೆ. ಅದಕ್ಕೆ ತೂಕ ಸೇರಿಸಿ ದೂರದಿಂದ ಗುಣಿಸಿದರೆ ಟನ್-ಕಿಲೋಮೀಟರ್ ಸಿಕ್ಕಿತು. ತುಂಬಿದ ದೊಡ್ಡ ಲಾರಿಗೆ ಒಂದು ಟನ್-ಕಿಲೋಮೀಟರಿಗೆ ಸುಮಾರು 100 ಗ್ರಾಂ ಹಿಡಿಯಬಹುದು. ಬೇರೆ ಯಾವ ಡೈರಿಯೂ ಬೇಡ.

ಕ್ಲೌಡಿಗೆ ಹೋದರೆ ಕಾರ್ಬನ್ ಇಳಿಯುತ್ತದಾ? ಮೂಲೆಯಲ್ಲಿ ಎಸಿ ಹಾಕಿ ಇಟ್ಟ ಹಳೇ ಸರ್ವರ್ ತೆಗೆದರೆ ತಿಂಗಳಿಗೆ ನೂರಾರು ಯೂನಿಟ್ ಉಳಿಯಬಹುದು. ಒಳ್ಳೆಯದೇ, ಆದರೆ ಮೇಲಿನ ಸಂಖ್ಯೆಗಳ ಮುಂದೆ ಇದು ಚಿಲ್ಲರೆ.

ದುಡ್ಡು ಹಾಕಬಹುದಾ ಅಂತ ಕೇಳಿದ್ದೀರಿ. ಕಾರ್ಬನ್ನಿಗೋಸ್ಕರ ಮಾತ್ರ ಅಂದರೆ ಈಗಲೇ ಬೇಡ. ಎಸ್‌ಎಪಿ, ಮೈಕ್ರೋಸಾಫ್ಟ್‌ನಂಥ ದೊಡ್ಡ ಕಂಪನಿಗಳ ಕಾರ್ಬನ್ ಲೆಕ್ಕದ ಸಾಫ್ಟ್‌ವೇರ್‌ಗಳು ಹತ್ತಾರು ಘಟಕ, ಸಾವಿರಾರು ಸಪ್ಲೈಯರ್ ಇರುವವರಿಗೆ ಸರಿ. ನಿಮ್ಮ ಕಾರ್ಬನ್ ಲೆಕ್ಕಕ್ಕೆ ಟ್ಯಾಲಿ ಮತ್ತು ಒಂದು ಶಿಸ್ತಿನ ಎಕ್ಸೆಲ್ ಹಾಳೆ ಸಾಕು. ಆದರೆ ಪ್ರೊಡಕ್ಷನ್ ಲೆಕ್ಕ ಎಕ್ಸೆಲ್‌ನಲ್ಲಿ ಇದೆ ಅಂದಿರಿ, ಅದು ನನಗೆ ಚಿಂತೆ. ಹೀಟ್ ನಂಬರ್ ಜಾಡು, ರಿಜೆಕ್ಷನ್ ಕಾರಣ, ಹಡಗಿನ ತಾರೀಖಿನ ಪ್ಲಾನಿಂಗ್, ಈ ಮೂರಕ್ಕೆ ಎಕ್ಸೆಲ್ ಸೋಲುತ್ತದೆ. ಈ ಮೂರು ಬೇಕು ಅನಿಸಿದರೆ ಇಆರ್‌ಪಿ ಕೊಳ್ಳಿ. ಎಲ್ಲ ಮಾಡ್ಯೂಲೂ ಒಂದೇ ಸಲ ಬೇಡ. ಪರ್ಚೇಸ್, ಸ್ಟೋರ್, ಪ್ರೊಡಕ್ಷನ್ ಇಷ್ಟರಿಂದ ಶುರು ಮಾಡಿ, ಲೆಕ್ಕಪತ್ರ ಟ್ಯಾಲಿಯಲ್ಲೇ ಇರಲಿ. ನಿಮ್ಮ ಅಕೌಂಟೆಂಟೂ ನೆಮ್ಮದಿಯಾಗಿ ಇರುತ್ತಾರೆ.

ಸದ್ಯಕ್ಕೆ ಜರ್ಮನಿಯ ಫಾರ್ಮಿಗೆ: 12 ತಿಂಗಳ ಕರೆಂಟ್, ಎಲ್‌ಪಿಜಿ, ಡೀಸೆಲ್ ಬಿಲ್ಲುಗಳಿಂದ ಪ್ರಮಾಣ ತೆಗೆದು ಹಾಕಿಸಿ. ಉಕ್ಕಿನ ಸಂಖ್ಯೆಗೆ ಮಿಲ್ಲಿಗೇ ಇವತ್ತೇ ಮೇಲ್ ಕಳಿಸಿ, ಉತ್ತರ ಬರುವುದು ನಿಧಾನ. ಮಿಲ್ಲು ಕೊಟ್ಟಿಲ್ಲ ಅಂದರೆ ಫಾರ್ಮಿನಲ್ಲಿ ‘ಸರಾಸರಿ ಸಂಖ್ಯೆ ಬಳಸಿದ್ದೇವೆ’ ಅಂತ ಸ್ಪಷ್ಟವಾಗಿ ಬರೆಯಿರಿ. ಚೆಂದ ಕಾಣಲಿ ಅಂತ ಕಮ್ಮಿ ಬರೆಯಬೇಡಿ. ಇವತ್ತು ಕಮ್ಮಿ ಬರೆದರೆ ಮುಂದಿನ ವರ್ಷ ನಿಜವಾಗಿ ಇಳಿಸಿದ್ದೂ ಕಾಣುವುದಿಲ್ಲ. ಇನ್ನು ಆ ಇಆರ್‌ಪಿಯವರು ಮತ್ತೆ ಡೆಮೊಗೆ ಬಂದರೆ ಅವರ ಸ್ಲೈಡ್ ನೋಡಬೇಡಿ. ನಿಮ್ಮದೇ ಹೋದ ತಿಂಗಳ ಒಂದು ಎಕ್ಸ್‌ಪೋರ್ಟ್ ಇನ್‌ವಾಯ್ಸ್ ಕೈಗೆ ಕೊಟ್ಟು, ‘ಇದರ ಹೀಟ್ ನಂಬರ್‌ವರೆಗೆ ಹಿಂದಕ್ಕೆ ಹೋಗಿ ತೋರಿಸಿ, ಈ ಲಾಟಿನಲ್ಲಿ ಎಷ್ಟು ಕೆ.ಜಿ. ಯಾವ ಹಂತದಲ್ಲಿ ರಿಜೆಕ್ಟ್ ಆಯಿತು ತೋರಿಸಿ’ ಅನ್ನಿ. ಅದಕ್ಕೆ ಬೇಕಾದ ಡೇಟಾ ಎಂಟ್ರಿ ಅವರೇ ಮಾಡಿ ತೋರಿಸಲಿ. ಒಂದು ಮಧ್ಯಾಹ್ನದಲ್ಲಿ ಇದನ್ನು ಮಾಡಿ ತೋರಿಸಿದರೆ ರೇಟು ಮಾತಾಡಿ.